ಏಜೆನ್ಸಿಯೋ, ಕಂಪನಿಯೋ, ಸರ್ಕಾರವೋ: ಸಂವಹನ ನಾಯಕತ್ವದ ಹುದ್ದೆ ಒಪ್ಪುವ ಮುನ್ನ

ಆರೇಳು ವರ್ಷ ಪತ್ರಿಕಾ ಹೇಳಿಕೆ ಬರೆದು, ವರದಿಗಾರರ ಕರೆಗಳಿಗೆ ಉತ್ತರಿಸಿ, ಅಧಿಕಾರಿಗಳ ಭೇಟಿಗೆ ಟಿಪ್ಪಣಿ ತಯಾರಿಸಿ ಪಳಗಿದವರ ಮುಂದೆ ಒಂದು ಹಂತದಲ್ಲಿ ಎರಡು ಮೂರು ಬಾಗಿಲು ಒಟ್ಟಿಗೇ ತೆರೆದುಕೊಳ್ಳುತ್ತವೆ. ಇರುವ ಏಜೆನ್ಸಿಯಲ್ಲೇ, ಅಂದರೆ ಹಲವು ಸಂಸ್ಥೆಗಳಿಗೆ ಸಂವಹನದ ಕೆಲಸ ಮಾಡಿಕೊಡುವ ಸಲಹಾ ಸಂಸ್ಥೆಯಲ್ಲೇ, ನಿರ್ದೇಶಕರಾಗಬಹುದು. ಇಷ್ಟು ದಿನ ಕ್ಲೈಂಟ್ ಆಗಿದ್ದ ಕಂಪನಿ, ನಮ್ಮ ಸಂವಹನ ವಿಭಾಗವನ್ನೇ ನೋಡಿಕೊಳ್ಳಿ ಎಂದು ಕರೆಯಬಹುದು. ಸರ್ಕಾರಿ ಇಲಾಖೆ, ಉದ್ಯಮ ಒಕ್ಕೂಟ, ಸ್ವಯಂಸೇವಾ ಸಂಸ್ಥೆಗಳಿಂದಲೂ ಕರೆ ಬರಬಹುದು. ಸ್ವತಂತ್ರ ಸಲಹೆಗಾರರಾಗುವ ಆಸೆಯೂ ಮನಸ್ಸಿನ ಮೂಲೆಯಲ್ಲಿರುತ್ತದೆ. ಹುದ್ದೆಯ ಹೆಸರು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೆಲಸ ಮಾತ್ರ ಒಂದೇ ಅಲ್ಲ. ಸಂಬಳದ ಅಂಕಿ ನೋಡಿ ಹೂಂ ಅಂದವರು ಎರಡು ವರ್ಷದೊಳಗೆ ಮತ್ತೆ ಅರ್ಜಿ ಹಾಕುವುದು ಇದೇ ಕಾರಣಕ್ಕೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಪಬ್ಲಿಕ್ ಅಫೇರ್ಸ್ ಅಂದರೆ ಕಾನೂನು, ನೀತಿ, ನಿಯಂತ್ರಣ ಪ್ರಾಧಿಕಾರ, ಶಾಸಕರು ಮತ್ತು ಅವರ ಮೇಲೆ ಪ್ರಭಾವವಿರುವ ಸಾರ್ವಜನಿಕ ಅಭಿಪ್ರಾಯ, ಇವುಗಳೊಂದಿಗೆ ಸಂಸ್ಥೆಯೊಂದು ನಡೆಸುವ ವ್ಯವಹಾರ. ಕಾರ್ಯತಂತ್ರದ ಸಂವಹನ ಅಂದರೆ ಯಾರಿಗೆ, ಯಾವಾಗ, ಏನು ಹೇಳಿದರೆ ಸಂಸ್ಥೆಯ ಗುರಿ ಮುಂದೆ ಸಾಗುತ್ತದೆ ಎಂದು ಯೋಜಿಸಿ ಮಾಡುವ ಕೆಲಸ. ಹಿರಿಯ ಹುದ್ದೆಗಳಲ್ಲಿ ಇವೆರಡೂ ಒಬ್ಬರದೇ ಹೆಗಲೇರುವುದು ಈಗ ಸಾಮಾನ್ಯ. ಹೀಗಾಗಿ ಬರೆಯುವುದು ಮಾತ್ರ ಬರುತ್ತದೆ, ಮಸೂದೆ ಓದಲು ಬರುವುದಿಲ್ಲ ಎನ್ನುವವರೂ, ಮಸೂದೆ ಅರ್ಥವಾಗುತ್ತದೆ, ಕ್ಯಾಮೆರಾ ಮುಂದೆ ಏನು ಹೇಳಿಸಬೇಕೋ ತಿಳಿಯದು ಎನ್ನುವವರೂ ಇಲ್ಲಿ ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ.

ಯಾವುದನ್ನು ಅಳೆಯಬೇಕು

ಎಲ್ಲಕ್ಕಿಂತ ಮುಖ್ಯ ಅಳತೆಗೋಲು ಒಂದಿದೆ: ನಿಮ್ಮನ್ನು ನಿರ್ಧಾರಕ್ಕೆ ಮೊದಲು ಕರೆಯುತ್ತಾರೆಯೇ, ನಿರ್ಧಾರ ಆದ ಮೇಲೆ ಕರೆಯುತ್ತಾರೆಯೇ? ಉಳಿದ ಎಲ್ಲ ಲೆಕ್ಕ ಇದರ ನಂತರ.

ಕಂಪನಿಯೊಂದು ತನ್ನ ಘಟಕ ಮುಚ್ಚಲು ಹೊರಟಿದೆ ಎಂದುಕೊಳ್ಳಿ. ಮೂರು ವಾರ ಮೊದಲೇ ಸಂವಹನದ ಮುಖ್ಯಸ್ಥರಿಗೆ ತಿಳಿದರೆ ಅವರು ಕೇಳಬೇಕಾದ್ದನ್ನು ಕೇಳುತ್ತಾರೆ. ಪರಿಹಾರದ ಮೊತ್ತ ತೀರ್ಮಾನವಾಗಿದೆಯೇ? ಬೇರೆ ಘಟಕಗಳಲ್ಲಿ ಎಷ್ಟು ಜನರಿಗೆ ಜಾಗವಿದೆ? ಗುತ್ತಿಗೆ ಕಾರ್ಮಿಕರು ಲೆಕ್ಕದಲ್ಲಿದ್ದಾರೆಯೇ? ಷೇರುಪೇಟೆಯಲ್ಲಿರುವ ಕಂಪನಿಯಾದರೆ ಷೇರಿನ ಬೆಲೆ ಅಲುಗಾಡಿಸುವ ಸುದ್ದಿಯನ್ನು ಆಯ್ದ ಕೆಲವು ಹೂಡಿಕೆದಾರರಿಗೋ ವಿಶ್ಲೇಷಕರಿಗೋ ಮೊದಲೇ ಕಿವಿಗೆ ಹಾಕುವಂತಿಲ್ಲ. ಅಮೆರಿಕದಲ್ಲಿ 2000ದಿಂದ, ಯುರೋಪಿಯನ್ ಒಕ್ಕೂಟದಲ್ಲಿ 2016ರಲ್ಲಿ ಜಾರಿಯಾದ ಮಾರುಕಟ್ಟೆ ದುರ್ಬಳಕೆ ನಿಯಮಾವಳಿಯಿಂದ ಇದು ಕಟ್ಟುನಿಟ್ಟು. ಕಾರ್ಮಿಕ ಸಂಘದೊಂದಿಗೆ ಮೊದಲೇ ಸಮಾಲೋಚಿಸಬೇಕೆಂಬ ಕಾನೂನಿರುವ ಕಡೆ ಅದನ್ನೂ ಹೊಂದಿಸಬೇಕು. ಆದ್ದರಿಂದ ಆ ದಿನದ ವೇಳಾಪಟ್ಟಿ ನಿಮಿಷಗಳಲ್ಲಿರುತ್ತದೆ: ಷೇರುಪೇಟೆಗೆ ಪ್ರಕಟಣೆ, ಅದರ ಬೆನ್ನಿಗೇ ಘಟಕದಲ್ಲಿ ಮುಖಾಮುಖಿ ಸಭೆ, ಅದೇ ಗಂಟೆಯೊಳಗೆ ಸ್ಥಳೀಯ ಜನಪ್ರತಿನಿಧಿಗೆ ಮತ್ತು ದೊಡ್ಡ ಸರಬರಾಜುದಾರರಿಗೆ ಫೋನು, ಕೊನೆಗೆ ಪತ್ರಕರ್ತರು. ಅದೇ ಮುಖ್ಯಸ್ಥರನ್ನು ಹಿಂದಿನ ಸಂಜೆ ಕರೆದು ‘ಒಂದು ಹೇಳಿಕೆ ಬರೆದುಕೊಡಿ’ ಎಂದರೆ? ಪರಿಹಾರದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಬರೆದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತದೆ. ಕಾರ್ಮಿಕರು ಸುದ್ದಿಯನ್ನು ಟಿವಿಯಲ್ಲಿ ನೋಡುತ್ತಾರೆ, ಬೈಗುಳ ಸಂವಹನ ವಿಭಾಗಕ್ಕೆ ಬರುತ್ತದೆ.

ಎರಡನೆಯದು ಕಲಿಕೆಯ ಬಗೆ. ಒಂದೇ ವರ್ಷದಲ್ಲಿ ಐದು ಉದ್ಯಮಗಳ ಪರಿಚಯ ಬೇಕೇ, ಒಂದೇ ಉದ್ಯಮದ ಆಳ ಬೇಕೇ? ಮೂವತ್ತರ ಒಳಗಿರುವವರಿಗೆ ಅಗಲ ಒಳ್ಳೆಯದು, ನಲವತ್ತು ದಾಟಿದವರಿಗೆ ಆಳವೇ ಮಾರುಕಟ್ಟೆಯಲ್ಲಿ ಬೆಲೆ ತರುವುದು.

ಮೂರನೆಯದು, ನಿಮ್ಮ ಕೆಲಸವನ್ನು ಹೇಗೆ ಅಳೆಯುತ್ತಾರೆ ಎಂಬುದು. ಪತ್ರಿಕೆಯಲ್ಲಿ ಬಂದ ಸುದ್ದಿಯ ಅಂಗುಲ ಲೆಕ್ಕ ಹಾಕಿ, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಗುಣಿಸಿ, ‘ಇಷ್ಟು ಮೌಲ್ಯ ತಂದೆವು’ ಎನ್ನುವ ಪದ್ಧತಿ ಇನ್ನೂ ಬದುಕಿದೆ. ಇದು ಸಂವಹನದ ಮೌಲ್ಯವಲ್ಲ ಎಂದು ವೃತ್ತಿ ಸಂಘಟನೆಗಳೇ 2010ರಲ್ಲಿ ಒಪ್ಪಿಕೊಂಡ ಬಾರ್ಸಿಲೋನಾ ತತ್ವಗಳು ಸ್ಪಷ್ಟವಾಗಿ ಹೇಳಿದವು. 2015 ಮತ್ತು 2020ರ ಪರಿಷ್ಕರಣೆಗಳಲ್ಲೂ ಆ ಮಾತು ಉಳಿಯಿತು. ಸಂದರ್ಶನದಲ್ಲಿ ‘ಕಳೆದ ವರ್ಷದ ಮೌಲ್ಯಮಾಪನ ವರದಿ ಹೇಗಿತ್ತು’ ಎಂದು ಕೇಳಿ. ಉತ್ತರ ಈ ಜಾಹೀರಾತಿನ ಲೆಕ್ಕವೇ ಆಗಿದ್ದರೆ, ಆ ಸಂಸ್ಥೆ ನಿಮ್ಮನ್ನು ಸುದ್ದಿ ತರುವವರೆಂದು ನೋಡುತ್ತದೆಯೇ ಹೊರತು ಸಲಹೆಗಾರರೆಂದಲ್ಲ.

ನಾಲ್ಕನೆಯದು ಹೊರಬರುವ ದಾರಿ. ಈ ವೃತ್ತಿಯಲ್ಲಿ ಕೆಲವು ಬಾಗಿಲುಗಳು ದಾಟಿದ ಮೇಲೆ ಕೆಲವು ವರ್ಷ ಕಾನೂನಿನಿಂದಲೇ ಮುಚ್ಚಿರುತ್ತವೆ. ಅದನ್ನು ಸರ್ಕಾರದ ಭಾಗದಲ್ಲಿ ವಿವರವಾಗಿ ನೋಡೋಣ. ಇದಲ್ಲದೆ ಆದಾಯದ ಸ್ಥಿರತೆ, ರಾತ್ರಿ ಹನ್ನೊಂದಕ್ಕೆ ಬರುವ ಕರೆಗಳು, ಯಾವ ವಿಷಯದ ಪರ ಮಾತಾಡಲು ನಿಮ್ಮ ಮನಸ್ಸು ಒಪ್ಪುವುದಿಲ್ಲ ಎಂಬ ಗೆರೆ, ಇವೂ ಲೆಕ್ಕಕ್ಕೆ ಬರಬೇಕು. ಆ ಗೆರೆಯನ್ನು ಕೆಲಸ ಹುಡುಕುವ ಮೊದಲೇ ಕಾಗದದ ಮೇಲೆ ಬರೆದಿಡಿ. ಹುದ್ದೆಯಲ್ಲಿ ಕೂತ ಮೇಲೆ ಗೆರೆ ಸರಿಯುತ್ತಾ ಹೋಗುತ್ತದೆ.

ಏಜೆನ್ಸಿ: ಬೇಗ ಕಲಿಸುತ್ತದೆ, ಆಮೇಲೆ ಮಾರಾಟಕ್ಕೆ ನಿಲ್ಲಿಸುತ್ತದೆ

ಸಲಹಾ ಸಂಸ್ಥೆಯಲ್ಲಿ ಒಬ್ಬರ ಕೈಯಲ್ಲಿ ಒಂದೇ ಕಾಲಕ್ಕೆ ಮೂರರಿಂದ ಐದು ಕ್ಲೈಂಟ್‌ಗಳಿರುತ್ತಾರೆ. ಬೆಳಿಗ್ಗೆ ಔಷಧ, ಮಧ್ಯಾಹ್ನ ವಿದ್ಯುತ್, ಸಂಜೆ ಬ್ಯಾಂಕಿಂಗ್. ಬರವಣಿಗೆಯ ವೇಗ, ಪತ್ರಕರ್ತರ ಸ್ವಭಾವದ ಅರಿವು, ಗಡುವಿನೊಳಗೆ ಮುಗಿಸುವ ಶಿಸ್ತು ಇಲ್ಲಿ ಬರುವಷ್ಟು ಬೇಗ ಬೇರೆಲ್ಲೂ ಬರುವುದಿಲ್ಲ.

ಬೆಲೆ ತೆರುವುದು ಟೈಮ್‌ಶೀಟಿನಲ್ಲಿ. ಹಲವು ಕಡೆ ದಿನವನ್ನು 15 ನಿಮಿಷಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡು ಯಾವ ಕ್ಲೈಂಟಿನ ಲೆಕ್ಕಕ್ಕೆ ಎಂದು ಬರೆಯಬೇಕು. ತಿಂಗಳಿಗೆ 60 ಗಂಟೆ ಕೆಲಸಕ್ಕೆ ನಿಗದಿತ ಶುಲ್ಕದ ಒಪ್ಪಂದವಾದ ರಿಟೇನರ್‌ಗೆ ತಂಡ 85 ಗಂಟೆ ದುಡಿದರೆ 25 ಗಂಟೆ ಪುಕ್ಕಟೆ. ಗಂಟೆಯ ದರ ಸುಮಾರು ಶೇ 29ರಷ್ಟು ಕುಸಿದಂತೆ. ಕ್ಲೈಂಟ್ ಕೇಳಿದ್ದಕ್ಕೆಲ್ಲ ಹೂಂ ಅನ್ನುವ ತಂಡದಲ್ಲಿ ಇದು ಪ್ರತಿ ತಿಂಗಳ ಕಥೆ, ಅದರ ಭಾರ ಬೀಳುವುದು ಕಿರಿಯರ ನಿದ್ದೆಯ ಮೇಲೆ. ನಾಯಕರಾಗಿ ಸೇರುವವರು ಮೊದಲ ವಾರವೇ ಹಿಂದಿನ ಆರು ತಿಂಗಳ ರಿಟೇನರ್ ಗಂಟೆ ಮತ್ತು ನಿಜವಾಗಿ ದುಡಿದ ಗಂಟೆಗಳ ಪಟ್ಟಿ ತರಿಸಿಕೊಳ್ಳಬೇಕು. ಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ.

ನಿರ್ದೇಶಕರ ಮಟ್ಟಕ್ಕೆ ಏರಿದ ಮೇಲೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಸಲಹೆಗಿಂತ ಹೊಸ ಕ್ಲೈಂಟ್ ತರುವುದು, ಇರುವವರನ್ನು ಉಳಿಸಿಕೊಳ್ಳುವುದು, ತಂಡದ ವರಮಾನದ ಗುರಿ ಮುಟ್ಟುವುದು ಮುಂದೆ ಬರುತ್ತವೆ. ಇದನ್ನು ತಿಳಿದು ಒಪ್ಪಿದರೆ ಚಿಂತೆಯಿಲ್ಲ, ವ್ಯಾಪಾರದ ಬುದ್ಧಿ ಇರುವವರು ಇಲ್ಲಿ ಅರಳುತ್ತಾರೆ. ನೀತಿ ರೂಪಿಸುವ ಕನಸು ಹೊತ್ತವರು ಬಾಡುತ್ತಾರೆ.

ನಮ್ಮ ಮುಖ್ಯ ಅಳತೆಗೋಲಿನಲ್ಲಿ ಏಜೆನ್ಸಿ ಹಿಂದೆ ಬೀಳುತ್ತದೆ. ನಿಮ್ಮ ಸಲಹೆ ಕ್ಲೈಂಟಿನ ಸಂವಹನ ಮ್ಯಾನೇಜರ್ ಮೂಲಕ ಒಳಗೆ ಹೋಗುತ್ತದೆ, ಅಲ್ಲಿ ಅದರ ಮೊನೆ ಮೊಂಡಾಗುತ್ತದೆ. ಒಂದು ಅಪವಾದವಿದೆ: ಬಿಕ್ಕಟ್ಟು ನಿರ್ವಹಣೆ, ಕಂಪನಿಗಳ ವಿಲೀನ, ದೊಡ್ಡ ಮೊಕದ್ದಮೆಗಳ ಸಲಹಾ ತಂಡಗಳು. ಅವರನ್ನು ಮುಖ್ಯ ಕಾರ್ಯನಿರ್ವಾಹಕರೋ ವಕೀಲರ ಸಂಸ್ಥೆಯೋ ನೇರವಾಗಿ ಕರೆಸಿಕೊಳ್ಳುತ್ತದೆ. ಏಜೆನ್ಸಿಯಲ್ಲೇ ಉಳಿಯುವ ಮನಸ್ಸಿದ್ದರೆ ಆ ಕಡೆ ಸರಿಯಿರಿ.

ಪಬ್ಲಿಕ್ ಅಫೇರ್ಸ್ ಸಲಹೆಗಾರರಿಗೆ ನೋಂದಣಿಯ ಕಟ್ಟುಪಾಡೂ ಇದೆ, ಅದು ದೇಶದಿಂದ ದೇಶಕ್ಕೆ ಬೇರೆ. ಕಾನೂನು, ನೀತಿಯ ವಿಷಯದಲ್ಲಿ ಅಧಿಕಾರಸ್ಥರ ಮನವೊಲಿಸುವ ಕೆಲಸವೇ ಲಾಬಿ; ಅಮೆರಿಕದ 1995ರ ಲಾಬಿ ಪ್ರಕಟಣಾ ಕಾಯ್ದೆಯಡಿ ನೋಂದಾಯಿಸಿ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ವಿದೇಶಿ ಸರ್ಕಾರದ ಪರ ಕೆಲಸ ಮಾಡುವವರಿಗೆ 1938ರಷ್ಟು ಹಳೆಯ ಪ್ರತ್ಯೇಕ ಕಾಯ್ದೆಯೇ ಇದೆ. ಬ್ರಿಟನ್ನಿನ 2014ರ ಕಾಯ್ದೆ ಹೊರಗಿನ ಸಲಹೆಗಾರರನ್ನು ಮಾತ್ರ ನೋಂದಣಿಗೆ ಒಳಪಡಿಸುತ್ತದೆ, ಕಂಪನಿಯ ಒಳಗೇ ಸಂಬಳಕ್ಕಿದ್ದು ಅದೇ ಕೆಲಸ ಮಾಡುವವರನ್ನು ಬಿಡುತ್ತದೆ. ನಿಮ್ಮ ಹೆಸರು, ನೀವು ಪ್ರತಿನಿಧಿಸಿದ ಕ್ಲೈಂಟಿನ ಹೆಸರು ಸಾರ್ವಜನಿಕ ದಾಖಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಂದು ತಂಬಾಕು ಕಂಪನಿಯ ಪರ ನೋಂದಾಯಿಸಿಕೊಂಡವರನ್ನು ನಾಳೆ ಆರೋಗ್ಯ ಸಂಸ್ಥೆ ಸಂದರ್ಶನಕ್ಕೆ ಕರೆಯುವ ಮುನ್ನ ಈ ಪಟ್ಟಿ ನೋಡಿಯೇ ನೋಡುತ್ತದೆ.

ಕಂಪನಿಯ ಒಳಗೆ: ಎಲ್ಲವೂ ಯಾರಿಗೆ ವರದಿ ಮಾಡುತ್ತೀರಿ ಎಂಬುದರ ಮೇಲೆ

ಒಂದೇ ಸಂಸ್ಥೆ, ಒಂದೇ ಉದ್ಯಮ, ವರ್ಷಗಳ ಸಂಬಂಧ. ಕಂಪನಿಯ ಒಳಗಿನ ಕೆಲಸದ ಗುಣ ತಾಳ್ಮೆ. ಹುದ್ದೆಯ ಹೆಸರಲ್ಲಿ ‘ಮುಖ್ಯ’ ಇದೆಯೋ ‘ಉಪಾಧ್ಯಕ್ಷ’ ಇದೆಯೋ ನೋಡಬೇಡಿ. ಸಂಸ್ಥೆಯ ನಕ್ಷೆಯಲ್ಲಿ ನಿಮ್ಮ ಮೇಲಿನ ಗೆರೆ ಎಲ್ಲಿಗೆ ಹೋಗುತ್ತದೆ ನೋಡಿ. ಮುಖ್ಯ ಕಾರ್ಯನಿರ್ವಾಹಕರಿಗೆ ನೇರವಾಗಿ ಹೋದರೆ ನಿರ್ಧಾರದ ಕೋಣೆಗೆ ಪ್ರವೇಶವಿರುತ್ತದೆ. ಮಾರ್ಕೆಟಿಂಗ್ ಮೂಲಕ ಹೋದರೆ ಸಂವಹನವೆಂದರೆ ಉತ್ಪನ್ನದ ಪ್ರಚಾರವಾಗುತ್ತದೆ. ಮಾನವ ಸಂಪನ್ಮೂಲದ ಕೆಳಗಾದರೆ ನೌಕರರ ಸುದ್ದಿಪತ್ರ. ಕಾನೂನು ವಿಭಾಗದ ಕೆಳಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಸುರಕ್ಷಿತ ಎಂಬ ಸ್ವಭಾವ ಬೆಳೆಯುತ್ತದೆ. ನಿಯಂತ್ರಣ ಹೆಚ್ಚಿರುವ ಉದ್ಯಮಗಳಲ್ಲಿ ಮಾತ್ರ ಕಾನೂನಿನವರ ಜೊತೆಗಿನ ಸಹವಾಸ ಪಬ್ಲಿಕ್ ಅಫೇರ್ಸ್‌ಗೆ ಲಾಭ ತರುತ್ತದೆ.

ಅವಘಡ ನಡೆದ ಮೊದಲ ಗಂಟೆಯನ್ನು ಹತ್ತಿರದಿಂದ ನೋಡಿದರೆ ಈ ಗೆರೆಯ ಬೆಲೆ ತಿಳಿಯುತ್ತದೆ. ಆಗ ಹೊರಗೆ ಹೋಗಬೇಕಾದ್ದು ನಾಲ್ಕೈದು ವಾಕ್ಯಗಳ ಆರಂಭಿಕ ಹೇಳಿಕೆ, ಅಷ್ಟೆ. ಏನಾಗಿದೆ, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಖಚಿತ ಸಂಗತಿ. ತೊಂದರೆಗೊಳಗಾದವರ ಬಗ್ಗೆ ನೇರ ಮಾತು. ಸದ್ಯ ಮಾಡುತ್ತಿರುವ ಕೆಲಸ. ಮುಂದಿನ ಮಾಹಿತಿ ಎಷ್ಟು ಗಂಟೆಗೆ, ಯಾರಿಂದ. ಕಾರಣ ಏನೆಂದು ಆ ಗಂಟೆಯಲ್ಲಿ ಹೇಳಬಾರದು, ಏಕೆಂದರೆ ಮೊದಲು ಕೇಳಿಬರುವ ಕಾರಣ ತನಿಖೆಯಲ್ಲಿ ಸುಳ್ಳಾಗುವ ಸಂಭವ ಹೆಚ್ಚು. ಗಾಯಗೊಂಡವರ ಸಂಖ್ಯೆಯನ್ನು ಆಸ್ಪತ್ರೆಯೋ ಪೊಲೀಸರೋ ದೃಢಪಡಿಸುವ ತನಕ ಕೊಡಬಾರದು. ಸಾವಾಗಿದ್ದರೆ ಮನೆಯವರಿಗೆ ತಿಳಿಯುವ ಮುನ್ನ ಹೆಸರು ಹೊರಬೀಳಬಾರದು.

ಇಷ್ಟು ಬರೆಯಲು ಹತ್ತು ನಿಮಿಷ ಸಾಕು. ಒಪ್ಪಿಗೆಗೆ ಮೂರು ಗಂಟೆ ಹಿಡಿಯುವುದೇ ರೋಗ. ಘಟಕದ ಮ್ಯಾನೇಜರ್, ಸುರಕ್ಷತಾ ವಿಭಾಗ, ಕಾನೂನು, ವಿಮೆ, ಹೂಡಿಕೆದಾರರ ಸಂಪರ್ಕ, ಪ್ರಧಾನ ಕಚೇರಿ ಎಂದು ಕರಡು ಸುತ್ತುತ್ತದೆ. ಒಬ್ಬರು ‘ವಿಷಾದ’ ತೆಗೆಯುತ್ತಾರೆ, ಇನ್ನೊಬ್ಬರು ‘ಬೆಂಕಿ’ ಎಂಬುದನ್ನು ‘ಉಷ್ಣ ಸಂಬಂಧಿತ ಘಟನೆ’ ಮಾಡುತ್ತಾರೆ. ಅಷ್ಟರಲ್ಲಿ ದಾರಿಹೋಕರು ತೆಗೆದ ವಿಡಿಯೋ ಎಲ್ಲರ ಮೊಬೈಲಿನಲ್ಲಿರುತ್ತದೆ. ಪರಿಹಾರ ಸರಳ: ಹತ್ತು ಹನ್ನೆರಡು ಬಗೆಯ ಅವಘಡಗಳಿಗೆ ಮಾದರಿ ಹೇಳಿಕೆಗೆ ಮೊದಲೇ ಒಪ್ಪಿಗೆ ಪಡೆದಿಡುವುದು, ಮೊದಲ ಗಂಟೆಯ ಒಪ್ಪಿಗೆಯನ್ನು ಇಬ್ಬರಿಗೆ ಮಾತ್ರ ಸೀಮಿತಗೊಳಿಸಿ, ಇಬ್ಬರಿಗೂ ಒಬ್ಬೊಬ್ಬ ಬದಲಿ ನೇಮಿಸುವುದು. ಸಂದರ್ಶನದಲ್ಲಿ ಈ ವ್ಯವಸ್ಥೆ ಇದೆಯೇ ಕೇಳಿ. ಇಲ್ಲದಿದ್ದರೂ ಅದನ್ನು ಕಟ್ಟುವ ಅಧಿಕಾರ ಕೊಡುತ್ತಾರೆ ಅಂದರೆ ಹುದ್ದೆ ಒಪ್ಪಬಹುದು.

ಆದರೂ ಹೇಳಿಕೆ ಎಷ್ಟೇ ಚೆನ್ನಾಗಿದ್ದರೂ ನಿರ್ಧಾರದ ಜಾಗ ತುಂಬುವುದಿಲ್ಲ. 1982ರಲ್ಲಿ ಶಿಕಾಗೋ ಭಾಗದಲ್ಲಿ ಟೈಲೆನಾಲ್ ಎಂಬ ನೋವು ನಿವಾರಕ ಕ್ಯಾಪ್ಸೂಲುಗಳಿಗೆ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಅದರ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿಕೊಂಡಿತು. ಆಮೇಲೆ ಯಾರಾದರೂ ತೆರೆದಿದ್ದರೆ ಕಣ್ಣಿಗೆ ಬೀಳುವ ಪ್ಯಾಕಿಂಗ್ ತಂದಿತು. ಈ ವೃತ್ತಿಯ ತರಗತಿಗಳಲ್ಲಿ ಇದನ್ನು ಮಾತಿನ ಯಶಸ್ಸೆಂದು ಹೇಳಿಕೊಡುವುದುಂಟು. ಅದು ಮಾತಿನ ಯಶಸ್ಸಲ್ಲ, ವಾಪಸ್ ತರಿಸಿದ ನಿರ್ಧಾರದ ಯಶಸ್ಸು. ಮಾತು ಅದರ ಹಿಂದೆ ಬಂತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ತೈಲ ಬಾವಿ ಸ್ಫೋಟದಲ್ಲಿ 11 ಕಾರ್ಮಿಕರು ಸತ್ತರು, ಸಮುದ್ರಕ್ಕೆ ತಿಂಗಳುಗಟ್ಟಲೆ ಎಣ್ಣೆ ಹರಿಯಿತು. ಆ ನಡುವೆ ಬಾವಿ ನಡೆಸುತ್ತಿದ್ದ ತೈಲ ಕಂಪನಿ ಬಿಪಿಯ ಮುಖ್ಯಸ್ಥರು, ನನಗೆ ನನ್ನ ಬದುಕು ವಾಪಸ್ ಬೇಕು ಎಂಬರ್ಥದ ಮಾತನ್ನು ವರದಿಗಾರರ ಮುಂದೆ ಆಡಿ ಕ್ಷಮೆ ಕೇಳಬೇಕಾಯಿತು. ದಣಿದ ಮುಖ್ಯಸ್ಥರಿಗೆ ‘ಇವತ್ತು ನೀವು ಮೈಕ್ ಮುಂದೆ ಹೋಗುವುದು ಬೇಡ, ಬೇರೆಯವರನ್ನು ಕಳಿಸೋಣ’ ಎಂದು ಹೇಳಬಲ್ಲವರೇ ಸಂವಹನ ನಾಯಕರು. ನೀವು ಸೇರಲಿರುವ ಕಂಪನಿಯಲ್ಲಿ ಆ ಮಾತನ್ನು ಆಡಲು ಸಾಧ್ಯವೇ?

ಕಂಪನಿಯೊಳಗಿನ ಪಬ್ಲಿಕ್ ಅಫೇರ್ಸ್ ಕೆಲಸ ಇಷ್ಟು ಸದ್ದಿನದಲ್ಲ, ಕ್ಯಾಲೆಂಡರಿನದು. ಯುರೋಪಿಯನ್ ಆಯೋಗ ಸಾರ್ವಜನಿಕ ಸಮಾಲೋಚನೆಗೆ ಸಾಮಾನ್ಯವಾಗಿ 12 ವಾರ ಕೊಡುತ್ತದೆ. ವಿಶ್ವ ವ್ಯಾಪಾರ ಸಂಘಟನೆಯ ತಾಂತ್ರಿಕ ಅಡೆತಡೆಗಳ ಸಮಿತಿ ಕರಡು ನಿಯಮಗಳ ಮೇಲೆ ಅಭಿಪ್ರಾಯಕ್ಕೆ ಕನಿಷ್ಠ 60 ದಿನ ಕೊಡಿ ಎನ್ನುತ್ತದೆ. ಕೇಳಲು ಬೇಕಾದಷ್ಟು ಸಮಯ. ನಡೆಯುವುದು ಹೀಗೆ: ಮೊದಲ ತಿಂಗಳು ಯಾರೂ ಕರಡನ್ನು ಓದುವುದಿಲ್ಲ, ಇಂಜಿನಿಯರುಗಳಿಂದ ಅಂಕಿಅಂಶ ಕೊನೆಯ ವಾರ ಬರುತ್ತದೆ, ಕಳಿಸುವ ಪತ್ರದಲ್ಲಿ ‘ಉದ್ಯಮಕ್ಕೆ ಮಾರಕ’ ಎಂಬಂಥ ವಿಶೇಷಣಗಳು ಮಾತ್ರ ಇರುತ್ತವೆ. ಅಧಿಕಾರಿಗೆ ಬೇಕಾದ್ದು ವಿಶೇಷಣವಲ್ಲ. ಯಾವ ಕಲಮಿನ ಯಾವ ಪದ ಬದಲಾಗಬೇಕು, ಬದಲಿ ಪದ ಯಾವುದು, ಹಾಗೆ ಮಾಡಿದರೆ ನಿಯಮದ ಉದ್ದೇಶ ಹೇಗೆ ಉಳಿಯುತ್ತದೆ, ಖರ್ಚು ಎಷ್ಟು. ಇದನ್ನು ಎರಡು ಪುಟದಲ್ಲಿ ಕೊಡಬಲ್ಲವರಿಗೆ ಮುಂದಿನ ಸಲ ಕರಡು ಹೊರಬೀಳುವ ಮೊದಲೇ ಅಭಿಪ್ರಾಯ ಕೇಳಿ ಕರೆ ಬರುತ್ತದೆ.

ಸರ್ಕಾರ ಮತ್ತು ಸಾರ್ವಜನಿಕ ಸಂಸ್ಥೆ

ಇಲ್ಲಿನ ಸಂಬಳ ಖಾಸಗಿಯಷ್ಟಿಲ್ಲ, ಭದ್ರತೆ ಹೆಚ್ಚು, ಕೆಲಸದ ಗಾತ್ರಕ್ಕೆ ಸಾಟಿಯಿಲ್ಲ. ಲಸಿಕೆ ಅಭಿಯಾನ, ಪ್ರವಾಹದ ಎಚ್ಚರಿಕೆ, ತೆರಿಗೆ ಬದಲಾವಣೆಯ ವಿವರಣೆ, ಇವು ತಲುಪದಿದ್ದರೆ ಜನರ ಜೀವಕ್ಕೇ ಕುತ್ತು. ಈ ಕೆಲಸದ ತೃಪ್ತಿಯನ್ನು ಇನ್ನೊಂದರ ಜೊತೆ ತೂಗಿ ನೋಡುವುದು ಕಷ್ಟ.

ಎರಡು ಬಗೆಯ ಹುದ್ದೆಗಳಿವೆ, ಗೊಂದಲ ಮಾಡಿಕೊಳ್ಳಬೇಡಿ. ಒಂದು ಕಾಯಂ ಅಧಿಕಾರಿಯದು: ಸರ್ಕಾರ ಬದಲಾದರೂ ನೀವು ಉಳಿಯುತ್ತೀರಿ, ಪ್ರತಿಯಾಗಿ ಪಕ್ಷದ ಕೆಲಸ ಮಾಡುವಂತಿಲ್ಲ. ಅಮೆರಿಕದಲ್ಲಿ 1939ರ ಹ್ಯಾಚ್ ಕಾಯ್ದೆ ಇದಕ್ಕೇ ಇದೆ. ಇನ್ನೊಂದು ಸಚಿವರ ಆಪ್ತ ಸಲಹೆಗಾರರದು: ನಿರ್ಧಾರಕ್ಕೆ ತೀರಾ ಹತ್ತಿರ, ಆದರೆ ಸಚಿವರು ಹೋದ ದಿನ ನಿಮ್ಮ ಕುರ್ಚಿಯೂ ಹೋಯಿತು. ಎರಡರಲ್ಲೂ ನೀವು ಬರೆದ ಇಮೇಲ್, ಟಿಪ್ಪಣಿ ಮಾಹಿತಿ ಹಕ್ಕಿನ ಕಾಯ್ದೆಯಡಿ ಹೊರಬರಬಹುದು. ಹೊರಗೆ ಓದಲು ನಾಚಿಕೆಯಾಗುವಂಥದ್ದನ್ನು ಬರೆಯದಿರುವ ಅಭ್ಯಾಸ ಮೊದಲ ದಿನದಿಂದ ಬೇಕು.

ಹೊರಬರುವ ದಾರಿಯ ಮಾತು ಇಲ್ಲಿದೆ. ಹಿರಿಯ ಹುದ್ದೆ ಬಿಟ್ಟ ಮೇಲೆ ಅದೇ ಸರ್ಕಾರದ ಮುಂದೆ ಲಾಬಿ ಮಾಡಲು ಹಲವು ದೇಶಗಳಲ್ಲಿ ತಡೆ ಇದೆ. ಕೆನಡಾದಲ್ಲಿ ಕಾಯ್ದೆ ಹೆಸರಿಸಿದ ಹುದ್ದೆಗಳಲ್ಲಿದ್ದವರಿಗೆ 5 ವರ್ಷ. ಅಮೆರಿಕದ ಸೆನೆಟ್ ಸದಸ್ಯರಿಗೆ 2 ವರ್ಷ, ಕೆಳಮನೆಯ ಸದಸ್ಯರಿಗೆ 1 ವರ್ಷ. ‘ನಾಲ್ಕು ವರ್ಷ ಸರ್ಕಾರದಲ್ಲಿದ್ದು, ಆಮೇಲೆ ಸಲಹಾ ಸಂಸ್ಥೆಗೆ ದೊಡ್ಡ ಸಂಬಳಕ್ಕೆ ಹೋಗುತ್ತೇನೆ’ ಎಂಬ ಲೆಕ್ಕ ಹಾಕುವವರು ನಿಮ್ಮ ಹುದ್ದೆಗೆ ಎಷ್ಟು ತಡೆ ಎಂದು ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ನೈತಿಕತೆ ಕಚೇರಿಯಿಂದಲೋ ಕಾನೂನು ವಿಭಾಗದಿಂದಲೋ ಲಿಖಿತ ಉತ್ತರ ತರಿಸಿಕೊಳ್ಳಿ. ಆ ವರ್ಷಗಳಲ್ಲಿ ಆಂತರಿಕ ಸಂವಹನ, ಬೋಧನೆ, ವಿದೇಶಿ ಮಾರುಕಟ್ಟೆಯ ಸಲಹೆಯಂಥ ಕೆಲಸಗಳಿಗೆ ಸಾಮಾನ್ಯವಾಗಿ ದಾರಿ ಇರುತ್ತದೆ, ಆದಾಯ ಮಾತ್ರ ಲೆಕ್ಕ ಹಾಕಿದ್ದಷ್ಟು ಇರುವುದಿಲ್ಲ.

ಉದ್ಯಮ ಒಕ್ಕೂಟ, ಸ್ವಯಂಸೇವಾ ಸಂಸ್ಥೆ

ಒಕ್ಕೂಟಗಳನ್ನು ಹೆಚ್ಚಿನವರು ಪಟ್ಟಿಯಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಅದು ತಪ್ಪು. ತಂಡ ಚಿಕ್ಕದು, ಸಂಬಳ ಮಧ್ಯಮ. ಆದರೆ ಮೂವತ್ತೆರಡರ ವಯಸ್ಸಿಗೇ ಸಂಸದೀಯ ಸಮಿತಿಗೆ ಹೋಗುವ ಹೇಳಿಕೆ ಬರೆಯುವ, ನಿಯಂತ್ರಕರ ಎದುರು ಕೂರುವ ಅವಕಾಶ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದು. ಕಷ್ಟ ಒಳಗಿನದು. ಸದಸ್ಯರೆಲ್ಲ ಒಪ್ಪುವ ಮಾತು ಹುಡುಕುವಷ್ಟರಲ್ಲಿ ನಿಲುವು ನೀರಾಗುತ್ತದೆ, ಹೆಚ್ಚು ಚಂದಾ ಕೊಡುವ ಸದಸ್ಯ ಕಂಪನಿ ಏರಿಗೆಳೆದರೆ ಚಿಕ್ಕವು ನೀರಿಗೆಳೆಯುತ್ತವೆ. ಇನ್ನೊಂದು ಎಚ್ಚರ: ಪ್ರತಿಸ್ಪರ್ಧಿಗಳು ಒಂದೇ ಮೇಜಿನಲ್ಲಿ ಕೂರುವ ಜಾಗ ಇದು. ಬೆಲೆ, ಉತ್ಪಾದನೆಯ ಪ್ರಮಾಣ, ಗ್ರಾಹಕರ ಹಂಚಿಕೆಯ ಮಾತು ಬಂದ ತಕ್ಷಣ ಸ್ಪರ್ಧಾ ಕಾನೂನಿನ ಉಲ್ಲಂಘನೆಯ ಅಪಾಯ. ಸಭೆಗೆ ಲಿಖಿತ ಕಾರ್ಯಸೂಚಿ, ನಡಾವಳಿ, ಸಾಧ್ಯವಾದರೆ ವಕೀಲರ ಹಾಜರಿ ಬೇಕು. ಮಾತು ಅತ್ತ ಹೊರಳಿದರೆ ಸಭೆ ನಿಲ್ಲಿಸಿ, ನಿಲ್ಲಿಸಿದ್ದನ್ನೂ ನಡಾವಳಿಯಲ್ಲಿ ಬರೆಯಬೇಕು.

ಸ್ವಯಂಸೇವಾ ಸಂಸ್ಥೆಗಳಲ್ಲಿ ಮನಸ್ಸಿಗೆ ಒಪ್ಪುವ ಕೆಲಸ, ತೆಳುವಾದ ಬಜೆಟ್. ಅನುದಾನದ ಅವಧಿ ಒಂದರಿಂದ ಮೂರು ವರ್ಷ ಎಂದಿಟ್ಟುಕೊಂಡೇ ಬದುಕು ಯೋಜಿಸಬೇಕು. ಹೊರಗಿನವರಿಗೆ ಕಾಣದ ತಿಕ್ಕಾಟ ಒಂದಿದೆ. ನಿಧಿ ಸಂಗ್ರಹದವರಿಗೆ ಕಣ್ಣೀರು ತರಿಸುವ ಚಿತ್ರ ಬೇಕು, ನೀತಿಯ ಕೆಲಸದವರಿಗೆ ಅಧಿಕಾರಿ ನಂಬುವ ಸಮಚಿತ್ತದ ಅಂಕಿ ಬೇಕು. ಎರಡೂ ಒಂದೇ ಸಂಸ್ಥೆಯ ಹೆಸರಲ್ಲಿ ಹೊರಗೆ ಹೋಗುತ್ತವೆ. ಸಂವಹನದ ಮುಖ್ಯಸ್ಥರು ಎರಡರ ಮೇಲೂ ಕೊನೆಯ ಮಾತಿನ ಹಕ್ಕು ಕೇಳಿ ಪಡೆಯದಿದ್ದರೆ ಜಗಳ ಬಿಡಿಸುವುದೇ ಕೆಲಸವಾಗುತ್ತದೆ. ಸಂತ್ರಸ್ತರ ಫೋಟೊ, ಕಥೆ ಬಳಸುವ ಮುನ್ನ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು, ಬೇಡ ಅಂದ ದಿನ ತೆಗೆಯುವ ವ್ಯವಸ್ಥೆಯೂ ಇರಬೇಕು. ಲಾಬಿಗೂ ಮಿತಿ ಇದೆ. ಅಮೆರಿಕದ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಖರ್ಚಿನ ಲೆಕ್ಕದ ವಿಧಾನ ಆರಿಸಿಕೊಂಡರೆ ಮೊದಲ 5 ಲಕ್ಷ ಡಾಲರ್ ವೆಚ್ಚದ ಶೇ 20ರಷ್ಟನ್ನು ಲಾಬಿಗೆ ಬಳಸಬಹುದು, ಸಂಸ್ಥೆ ಎಷ್ಟೇ ದೊಡ್ಡದಾದರೂ ಒಟ್ಟು ಮಿತಿ 10 ಲಕ್ಷ ಡಾಲರ್.

ಸ್ವತಂತ್ರವಾಗಿ ಹೊರಟರೆ ಲೆಕ್ಕ ಹೀಗೆ

ವಾರಾಂತ್ಯ ಕಳೆದರೆ ವರ್ಷಕ್ಕೆ 260 ದಿನ. ರಜೆ, ಹಬ್ಬ, ಕಾಯಿಲೆಗೆ 35 ಬಿಡಿ, 225 ಉಳಿಯಿತು. ಕ್ಲೈಂಟ್ ಹುಡುಕುವುದು, ಪ್ರಸ್ತಾವ ಬರೆಯುವುದು, ಬಾಕಿ ವಸೂಲಿ, ಲೆಕ್ಕಪತ್ರಕ್ಕೆ ನೂರು ದಿನ ಹೋಗುತ್ತದೆ. ಬಿಲ್ ಮಾಡಲು ಸಿಗುವುದು 125. ಈಗಿನ ವಾರ್ಷಿಕ ಸಂಬಳ, ವಿಮೆ, ನಿವೃತ್ತಿ ನಿಧಿ ಎಲ್ಲ ಕೂಡಿಸಿ, ಸ್ವಂತ ಖರ್ಚುಗಳಿಗೆ ಶೇ 20 ಸೇರಿಸಿ, 125ರಿಂದ ಭಾಗಿಸಿ. ಬರುವ ದಿನದ ದರ ಈಗಿನ ದಿನಗೂಲಿಯ ಎರಡೂವರೆ ಪಟ್ಟು. ಆ ದರವನ್ನು ಮುಜುಗರವಿಲ್ಲದೆ ಕೇಳಲು, ಕೊಡಲು ಸಿದ್ಧವಿರುವ ಕನಿಷ್ಠ ಇಬ್ಬರ ಹೆಸರು ಹೇಳಲು ಆಗದಿದ್ದರೆ ಇನ್ನೆರಡು ವರ್ಷ ಕಾಯಿರಿ. ಬಿಲ್ ಕೊಟ್ಟು ಹಣ ಕೈಗೆ ಬರಲು 60 ದಿನ, ಕೆಲವೊಮ್ಮೆ 90. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಬೇಕು. ಒಬ್ಬನೇ ಕ್ಲೈಂಟಿನಿಂದ ವರಮಾನದ ಶೇ 40ಕ್ಕಿಂತ ಹೆಚ್ಚು ಬರುತ್ತಿದ್ದರೆ ನೀವು ಸ್ವತಂತ್ರರಲ್ಲ, ಸವಲತ್ತಿಲ್ಲದ ನೌಕರರು. ಇಷ್ಟೆಲ್ಲ ಕೂಡಿಬಂದರೆ ಹಿರಿಯರಿಗೆ ಇದರಷ್ಟು ನೇರವಾಗಿ ಮುಖ್ಯಸ್ಥರ ಕಿವಿಗೆ ತಲುಪುವ ದಾರಿ ಇನ್ನೊಂದಿಲ್ಲ.

ಯಾರಿಗೆ ಯಾವುದು

ಐದು ವರ್ಷಕ್ಕಿಂತ ಕಡಿಮೆ ಅನುಭವವಿದ್ದರೆ ಏಜೆನ್ಸಿ, ಎರಡನೇ ಯೋಚನೆ ಬೇಡ. ಮೂರು ವರ್ಷವಾದ ಮೇಲೆ ಒಂದು ಉದ್ಯಮ ಆರಿಸಿ ಅದರ ಕ್ಲೈಂಟ್‌ಗಳನ್ನೇ ಕೇಳಿ ಪಡೆಯಿರಿ. ಪತ್ರಿಕೋದ್ಯಮದಿಂದ ಬರುವವರನ್ನು ಕಂಪನಿಗಳು ಬೇಗ ಸೆಳೆಯುತ್ತವೆ, ಆದರೆ ಸಂಪರ್ಕಗಳಿಗಾಗಿ ಮಾತ್ರ ತೆಗೆದುಕೊಂಡರೆ ಆ ಸಂಪರ್ಕ ಹಳತಾಗುವ ಹೊತ್ತಿಗೆ ನಿಮ್ಮ ಬೆಲೆಯೂ ಇಳಿಯುತ್ತದೆ. ಒಕ್ಕೂಟವೋ ನಿಯಂತ್ರಣ ಪ್ರಾಧಿಕಾರವೋ ಅವರಿಗೆ ಉತ್ತಮ ಮೊದಲ ಮೆಟ್ಟಿಲು, ಅಲ್ಲಿ ನೀತಿ ಕಲಿಯುತ್ತಾರೆ. ಕಾನೂನು ಓದಿದವರಿಗೆ ಪಬ್ಲಿಕ್ ಅಫೇರ್ಸ್ ಸಹಜ, ಒಂದೆರಡು ವರ್ಷ ಸುದ್ದಿಮಾಧ್ಯಮದ ಮೇಜಿನಲ್ಲಿ ಕೂತು ಬಂದರೆ ಸಾಕು. ಮನೆ ಸಾಲ, ಚಿಕ್ಕ ಮಕ್ಕಳು, ವಯಸ್ಸಾದ ತಂದೆತಾಯಿ ಇರುವವರಿಗೆ ಸರ್ಕಾರದ ಕಾಯಂ ಹುದ್ದೆ ಇಲ್ಲವೇ ಅವಘಡಗಳ ಸಂಭವ ಕಡಿಮೆಯಿರುವ ಉದ್ಯಮ. ವಿಮಾನ, ರಾಸಾಯನಿಕ, ಗಣಿಗಾರಿಕೆಯಲ್ಲಿ ಫೋನು ರಾತ್ರಿ ಆರಿಸುವಂತಿಲ್ಲ.

ಓದಿಗೆ ಹಣ ಹಾಕಬೇಕೇ? ಹತ್ತು ವರ್ಷ ಅನುಭವವಿದ್ದವರಿಗೆ ಎರಡು ವರ್ಷದ ಸ್ನಾತಕೋತ್ತರ ಪದವಿ ಹುದ್ದೆ ಏರಿಸುವುದು ಅಪರೂಪ. ವೃತ್ತಿ ಸಂಘಟನೆಗಳ ಮಾನ್ಯತೆ, ಉದಾಹರಣೆಗೆ ಅಮೆರಿಕದಲ್ಲಿ 1964ರಿಂದ ಇರುವ ಎಪಿಆರ್ ಎಂಬ ಸಾರ್ವಜನಿಕ ಸಂಪರ್ಕ ಮಾನ್ಯತೆ ಅಥವಾ 2005ರಲ್ಲಿ ರಾಜಸನದು ಪಡೆದ ಬ್ರಿಟನ್ನಿನ ಸಾರ್ವಜನಿಕ ಸಂಪರ್ಕ ವೃತ್ತಿ ಸಂಘಟನೆ ಸಿಐಪಿಆರ್ ನೀಡುವ ಚಾರ್ಟರ್ಡ್ ಸ್ಥಾನ, ಕೆಲಸ ಮಾಡುತ್ತಲೇ ಪಡೆಯಬಹುದಾದ್ದು, ದೇಶ ಬದಲಿಸುವವರಿಗೆ ಉಪಯುಕ್ತ. ಹಣ, ಸಮಯ ಕಡಿಮೆ ಇದ್ದರೆ ಕಂಪನಿಯ ಬ್ಯಾಲೆನ್ಸ್ ಶೀಟ್ ಓದುವ ಒಂದು ಸಣ್ಣ ಕೋರ್ಸ್, ಮಸೂದೆಗಳ ರಚನೆಯ ಬಗ್ಗೆ ಇನ್ನೊಂದು. ನಿರ್ಧಾರದ ಕೋಣೆಯಲ್ಲಿ ಆಡುವ ಭಾಷೆ ಇವೆರಡೇ.

ಸಹಿಗೆ ಮೊದಲು

ಸಂದರ್ಶನದಲ್ಲಿ ಈ ಮಾತು ಕೇಳಿ: ಕಳೆದ ವರ್ಷ ಸಂವಹನ ವಿಭಾಗದ ಮಾತು ಕೇಳಿ ಬದಲಿಸಿದ ಒಂದು ನಿರ್ಧಾರ ಯಾವುದು? ಸ್ವಲ್ಪ ಯೋಚಿಸಿದರೂ ಪರವಾಗಿಲ್ಲ, ಒಂದಾದರೂ ಹೇಳಲಿ. ನಿಮ್ಮ ಹಿಂದಿನವರು ಎಷ್ಟು ವರ್ಷ ಇದ್ದರು, ಏಕೆ ಹೋದರು ಎಂದು ಅವರನ್ನೇ ಹುಡುಕಿ ಮಾತಾಡಿಸಿ. ಆ ಹುದ್ದೆಯಲ್ಲಿ ಐದು ವರ್ಷದಲ್ಲಿ ಮೂವರು ಬಂದು ಹೋಗಿದ್ದರೆ ತೊಂದರೆ ಬಂದವರಲ್ಲಿಲ್ಲ, ಹುದ್ದೆಯಲ್ಲಿದೆ.

ಸಂಬಳದ ಚೌಕಾಸಿಯ ಜೊತೆ ನೇಮಕಾತಿ ಪತ್ರದಲ್ಲೋ, ಕನಿಷ್ಠ ಇಮೇಲಿನಲ್ಲೋ ಈ ನಾಲ್ಕು ಬರಲಿ: ಯಾರಿಗೆ ವರದಿ, ಆಡಳಿತ ಮಂಡಳಿಯ ಯಾವ ಸಭೆಗಳಿಗೆ ಹಾಜರಿ, ಹೊರಗಿನ ಸಲಹೆಗಾರರನ್ನು ನೇಮಿಸಲು ನಿಮ್ಮದೇ ಸಹಿಯ ಬಜೆಟ್ ಎಷ್ಟು, ಬಿಕ್ಕಟ್ಟಿನ ಮೊದಲ ಗಂಟೆಯಲ್ಲಿ ಯಾರ ಒಪ್ಪಿಗೆ ಸಾಕು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಗೆ ಸೇರಬಾರದೆಂಬ ಕಲಮಿದ್ದರೆ ಅದರ ಅವಧಿ ಮತ್ತು ವ್ಯಾಪ್ತಿ ನೋಡಿ. ‘ಯಾವುದೇ ಸಂವಹನ ಕೆಲಸ’ ಎಂದಿದ್ದರೆ ‘ಇದೇ ಉದ್ಯಮದ ನೇರ ಪ್ರತಿಸ್ಪರ್ಧಿ’ ಎಂದು ತಿದ್ದಿಸಿಕೊಳ್ಳಿ. ಸುಳ್ಳೆಂದು ತಿಳಿದ ಹೇಳಿಕೆಗೆ ಸಹಿ ಹಾಕಲು ನಿರಾಕರಿಸಿ ಹೊರಬರಬೇಕಾದರೆ ಎಷ್ಟು ತಿಂಗಳ ಸಂಬಳ ಕೈಗೆ ಬರುತ್ತದೆ ಎಂಬುದನ್ನೂ ಆ ಪತ್ರದಲ್ಲೇ ಹುಡುಕಿ. ಮೂರು ತಿಂಗಳಿಗಿಂತ ಕಡಿಮೆಯಿದ್ದರೆ ಉಳಿದದ್ದನ್ನು ನಿಮ್ಮ ಉಳಿತಾಯದಿಂದ ತುಂಬಿ, ಆಮೇಲೆ ಸಹಿ ಹಾಕಿ.